ತಿಂಗಳಿಗೆ ಸಾವಿರ ಉಳಿಯುತ್ತದೆ, ಷೇರಿಗೆ ಹಾಕಲೇ?

ಓದುಗರ ಸ್ಪಂದನ

ಸಮಸ್ಯೆ: ಹೊಸನಗರ ಕಡೆಯವಳು. ಶಿವಮೊಗ್ಗದಲ್ಲಿ ಬಿ.ಕಾಂ. ಎರಡನೇ ವರ್ಷ ಓದುತ್ತಾ ಹಾಸ್ಟೆಲ್‌ನಲ್ಲಿದ್ದೇನೆ. ಅಪ್ಪನಿಗೆ ಅರ್ಧ ಎಕರೆ ಅಡಿಕೆ ತೋಟ, ಉಳಿದಂತೆ ಕೂಲಿ. ಸಂಜೆ ಹೊತ್ತು ಜೆರಾಕ್ಸ್ ಅಂಗಡಿಯಲ್ಲಿ ದುಡಿದು ತಿಂಗಳಿಗೆ 3,500 ರೂ. ತರುತ್ತೇನೆ, ಖರ್ಚು ಕಳೆದು ಸಾವಿರ ಉಳಿಯುತ್ತದೆ. ಕ್ಲಾಸಿನ ಹುಡುಗರು ಮೊಬೈಲಿನಲ್ಲೇ ಆಪ್ಷನ್ ಟ್ರೇಡಿಂಗ್ (ಷೇರಿನ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಹಣ ಹೂಡುವ ವ್ಯವಹಾರ) ಮಾಡಿ ಲಾಭ ತೋರಿಸುತ್ತಾರೆ. ನಾನೂ ಷೇರಿಗೆ ಹಣ ಹಾಕಲು ಶುರು ಮಾಡಬಹುದೇ? ಸ್ಕಾಲರ್‌ಷಿಪ್ ಬಂದಾಗ ಅದನ್ನೂ ಹಾಕಬಹುದೇ? ಮನೆಯಲ್ಲಿ ಇನ್ನೂ ಹೇಳಿಲ್ಲ.

•

ನೋಡಮ್ಮ, ಮೊದಲು ಸ್ಕಾಲರ್‌ಷಿಪ್ ವಿಷಯ ಮುಗಿಸಿಬಿಡೋಣ. ಬೇಡ. ಅದು ಪರೀಕ್ಷೆ ಶುಲ್ಕಕ್ಕೆ, ಮುಂದಿನ ವರ್ಷದ ಅಡ್ಮಿಷನ್‌ಗೆ ಬೇಕಾದ ದುಡ್ಡು. 2020ರ ಜನವರಿಯಲ್ಲಿ 42 ಸಾವಿರದ ಹತ್ತಿರ ಇದ್ದ ಸೆನ್ಸೆಕ್ಸ್ (ಮುಂಬೈ ಷೇರುಪೇಟೆಯ ಸೂಚ್ಯಂಕ) ಮಾರ್ಚ್ 23ಕ್ಕೆ 26 ಸಾವಿರಕ್ಕಿಂತ ಕೆಳಗೆ ಬಂದಿತ್ತು. ವರ್ಷ ಮುಗಿಯುವುದರೊಳಗೆ ಮತ್ತೆ ಏರಿತು, ನಿಜ. ಆದರೆ ಏಪ್ರಿಲ್‌ನಲ್ಲಿ ಫೀಸು ಕಟ್ಟಬೇಕಿದ್ದವರು ಡಿಸೆಂಬರ್ ಏರಿಕೆಯನ್ನು ಇಟ್ಟುಕೊಂಡು ಏನು ಮಾಡಬೇಕಿತ್ತು?

ಇನ್ನು ಉಳಿಯುವ ಸಾವಿರ. ಅದರಲ್ಲಿ ಅರ್ಧ ಬ್ಯಾಂಕಿನಲ್ಲೇ ಇರಲಿ. ಜ್ವರ ಬಂದು ಒಂದು ವಾರ ಅಂಗಡಿಗೆ ಹೋಗದಿದ್ದರೆ ಸಂಬಳ ಕಡಿತವಾಗುವುದು ನಿನಗೇ ಗೊತ್ತು. ಉಳಿದ 500 ರೂಪಾಯಿಗೆ ನಿಫ್ಟಿ 50 ಇಂಡೆಕ್ಸ್ ಫಂಡಿನ ಎಸ್‌ಐಪಿ ಸಾಕು, ಅಂದರೆ ದೇಶದ 50 ದೊಡ್ಡ ಕಂಪನಿಗಳ ಷೇರಿನಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡಿಗೆ ತಿಂಗಳ ಕಂತು. ಇದಕ್ಕೆ ಷೇರು ಇಡುವ ಡಿಮ್ಯಾಟ್ ಖಾತೆಯೂ ಬೇಡ. ಪ್ಯಾನ್, ಆಧಾರ್, ನಿನ್ನ ಹೆಸರಿನ ಬ್ಯಾಂಕ್ ಖಾತೆ ಇದ್ದು ಕೆವೈಸಿ ಆದರೆ ಆಯಿತು. ‘ಡೈರೆಕ್ಟ್’ ಪ್ಲಾನ್ ಅಂತ ನೋಡಿಯೇ ತಗೋ. ಬ್ಯಾಂಕಿನಲ್ಲಿ ಕೇಳಿದರೆ ಕಮಿಷನ್ ಇರುವ ‘ರೆಗ್ಯುಲರ್’ ಮಾಡಿಸುತ್ತಾರೆ. ಕೌಂಟರಿನ ಆಚೆ ಕೂತವರಿಗೂ ಟಾರ್ಗೆಟ್ ಇರುತ್ತದಲ್ಲ, ಅಲ್ಲೇ ಕೂತು ನಿವೃತ್ತನಾದವನು ಹೇಳುತ್ತಿದ್ದೇನೆ.

ಕಂತಿನ ತಾರೀಖನ್ನು ಅಂಗಡಿಯವರು ಸಂಬಳ ಕೊಡುವ ದಿನದಿಂದ ಮೂರ್ನಾಲ್ಕು ದಿನ ಮುಂದಕ್ಕೆ ಇಟ್ಟುಕೋ. ಆ ದಿನ ಖಾತೆಯಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆದರೆ ಬ್ಯಾಂಕಿನವರು ನೂರಾರು ರೂಪಾಯಿ ದಂಡ ಹಾಕುತ್ತಾರೆ. 500ರ ಕಂತಿಗೆ ಆ ದಂಡ ಬಿದ್ದರೆ ವರ್ಷದ ಲಾಭವೆಲ್ಲ ಅಲ್ಲಿಗೇ ಸಮ.

ಲಾಭದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ತಿಂಗಳಿಗೆ 500ರಂತೆ ಮೂರು ವರ್ಷ ಹಾಕಿದರೆ 18 ಸಾವಿರ. ವರ್ಷಕ್ಕೆ ಶೇ 12ರಂತೆ ಬೆಳೆಯಿತು ಎಂದುಕೊಂಡರೂ (ಬೆಳೆದೇ ಬೆಳೆಯುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ) ಕೈಗೆ ಬರುವುದು 21,700ರ ಆಸುಪಾಸು. ಮೂರು ವರ್ಷ ಕಾದು ಸಿಗುವ ಲಾಭ ಅಂದರೆ ಜೆರಾಕ್ಸ್ ಅಂಗಡಿಯ ಒಂದು ತಿಂಗಳ ಸಂಬಳ. ಹಾಗಂತ ಬಿಡಬೇಡ. ಈಗ 500 ಹಾಕಿ ಅದು 400 ಆದದ್ದನ್ನು ನೋಡಿಯೂ ಗಾಬರಿಯಾಗದೆ ಇರುವುದು ರೂಢಿಯಾದರೆ, ಕೆಲಸ ಸಿಕ್ಕಿ ಐದು ಸಾವಿರ ಹಾಕುವ ಕಾಲಕ್ಕೆ ಅದು ಉಪಯೋಗಕ್ಕೆ ಬರುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಮಾತ್ರ ಷೇರು ನೋಡುತ್ತಾ ಕೂರಬೇಡ. ನಿನ್ನ ಈಗಿನ ಸ್ಥಿತಿಯಲ್ಲಿ ಡಿಗ್ರಿಯ ಅಂಕಪಟ್ಟಿಯಷ್ಟು ಆದಾಯ ತರುವ ಷೇರು ಯಾವುದೂ ಇಲ್ಲ.

— ನಿವೃತ್ತ ಬ್ಯಾಂಕ್ ನೌಕರ, ಸಾಗರ

•

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಆಡಿಟರ್ ಆಫೀಸೊಂದರಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಕ್ಲಾಸಿನ ಹುಡುಗರಂಥವರು ತೆರಿಗೆ ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ನಮ್ಮ ಮೆಟ್ಟಿಲು ಹತ್ತುತ್ತಾರೆ. ಲಾಭದ ಸ್ಕ್ರೀನ್‌ಶಾಟ್ ಮೊಬೈಲಿನಲ್ಲಿ ಇದ್ದೇ ಇರುತ್ತದೆ. ನಾವು ಕೇಳುವುದು ಬ್ರೋಕರ್ ಕೊಡುವ ಇಡೀ ವರ್ಷದ ಲಾಭ–ನಷ್ಟದ ಪಟ್ಟಿ. ಅದು ತೆರೆದುಕೊಂಡಾಗ ಮಾತು ನಿಲ್ಲುತ್ತದೆ. ಎಫ್ ಆಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವ್ಯವಹಾರ ತೆರಿಗೆ ಕಾನೂನಿನಲ್ಲಿ ಬಿಸಿನೆಸ್ ಲೆಕ್ಕಕ್ಕೆ ಬರುತ್ತದೆ, ಅದಕ್ಕೆ ಐಟಿಆರ್-3 ಫಾರಂ ತುಂಬಬೇಕು. ನಷ್ಟ ಮಾಡಿಕೊಂಡಿದ್ದಲ್ಲದೆ ಅದನ್ನು ಬರೆಸುವುದಕ್ಕೂ ಫೀಸು!

ಷೇರುಪೇಟೆ ನಿಯಂತ್ರಿಸುವ ಸೆಬಿ 2024ರಲ್ಲಿ ಹೊರಡಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಎಫ್ ಆಂಡ್ ಓ ಆಡಿದ ವೈಯಕ್ತಿಕ ಟ್ರೇಡರ್‌ಗಳಲ್ಲಿ ಶೇ 93 ಮಂದಿ ಹಣ ಕಳೆದುಕೊಂಡಿದ್ದಾರೆ. ಸರಾಸರಿ ನಷ್ಟ ತಲಾ ಸುಮಾರು ಎರಡು ಲಕ್ಷ. ಇನ್ನೊಂದು ವಿಷಯ. ಬ್ರೋಕರ್ ಬಳಿ ಎಫ್ ಆಂಡ್ ಓ ವಿಭಾಗ ತೆರೆಯಲು ಆದಾಯದ ದಾಖಲೆ ಕೇಳುತ್ತಾರೆ. ಓದುವ ಹುಡುಗರಿಗೆ ಅದು ಎಲ್ಲಿಂದ ಬಂತು ಅಂತ ಒಮ್ಮೆ ಕೇಳಿ ನೋಡಿ.

— ಶಿವಮೊಗ್ಗ

•

ಒಂದೇ ಕಂಪನಿ ನಂಬಬೇಡಿ. ಎಂಪಿಎಂ ಅಂದರೆ ನಮ್ಮೂರಿನ ಕಾಗದ ಕಾರ್ಖಾನೆ, ಶುರುವಾಗಿದ್ದು 1936ರಲ್ಲಿ. ಸರ್ಕಾರದ್ದು, ಅದಕ್ಕೇನಾಗುತ್ತೆ ಅನ್ನುತ್ತಿದ್ದರು ಹಿರಿಯರು. ಈಗ ಬಂದು ಮುಚ್ಚಿದ ಗೇಟು ನೋಡಿ. ಇಂಡೆಕ್ಸ್ ಫಂಡಿನಲ್ಲಿ 50 ಕಂಪನಿ ಇರುತ್ತವೆ, ಆರು ತಿಂಗಳಿಗೊಮ್ಮೆ ಪಟ್ಟಿ ಪರಿಶೀಲಿಸಿ ಸೊರಗಿದ್ದನ್ನು ತೆಗೆದು ಬೇರೆಯದನ್ನು ಸೇರಿಸುತ್ತಾರೆ. ಆ ಕೆಲಸ ನಾವು ಮಾಡಲು ಹೋದರೆ ನಿದ್ದೆ ಬರಲ್ಲ.

— ಭದ್ರಾವತಿ

•

ಎಲ್ಲರೂ ಇಂಡೆಕ್ಸ್ ಫಂಡ್ ಎಂದೇ ಬರೆಯುತ್ತಾರೆ ಎಂಬುದು ನನ್ನ ಊಹೆ. ವಾಣಿಜ್ಯಶಾಸ್ತ್ರ ಪಾಠ ಮಾಡುವವನಾಗಿ ಸ್ವಲ್ಪ ತಕರಾರಿದೆ. ಬಿ.ಕಾಂ. ಓದುವ ಹುಡುಗಿ ಬ್ಯಾಲೆನ್ಸ್ ಶೀಟನ್ನು ಪರೀಕ್ಷೆಗಷ್ಟೇ ಓದಿದರೆ ಸಾಲದು. ಎಸ್‌ಐಪಿ ನಡೆಯಲಿ, ಅದರ ಜೊತೆಗೆ ನಾಲ್ಕೈದು ತಿಂಗಳು ಕೂಡಿಸಿ ಒಂದೇ ಒಂದು ಷೇರು ಕೊಂಡುಕೊಳ್ಳಿ. ನೀವು ದಿನಾ ಬಳಸುವ ಸೋಪಿನದೋ ಬಿಸ್ಕತ್ತಿನದೋ ಕಂಪನಿಯದಾಗಲಿ. ಅದರ ವಾರ್ಷಿಕ ವರದಿ ಈಮೇಲ್‌ಗೆ ಬರುತ್ತದೆ. ಲಾಭ ಎಷ್ಟು, ಸಾಲ ಎಷ್ಟು, ಪ್ರವರ್ತಕರು (ಕಂಪನಿ ಕಟ್ಟಿದವರು) ಷೇರು ಅಡ ಇಟ್ಟಿದ್ದಾರೆಯೇ, ಇಷ್ಟು ಹುಡುಕಿ ತೆಗೆದರೆ ಒಂದು ಸೆಮಿಸ್ಟರಿನ ಪಾಠ ಆದಂತೆ.

ಕೊಂಡು ಮಾರಿ, ಮತ್ತೆ ಕೊಂಡು ಮಾರಿ ಮಾಡುತ್ತಾ ಇರಬೇಡಿ, ಅಷ್ಟೇ. ಷೇರು ಮಾರಿದ ದಿನ ‘ಡಿಪಿ ಶುಲ್ಕ’ ಎಂದು 15–20 ರೂಪಾಯಿ ಕಡಿಯುತ್ತಾರೆ. ಒಂದು ಕಂಪನಿಯ ಒಂದು ಷೇರು ಮಾರಿದರೂ ನೂರು ಮಾರಿದರೂ ಅಷ್ಟೇ. ಲಕ್ಷದವರಿಗೆ ಅದು ಕಣ್ಣಿಗೇ ಬೀಳುವುದಿಲ್ಲ. 300 ರೂಪಾಯಿಯ ಷೇರು ಮಾರುವ ನಿಮಗೆ ಶೇ 5 ಅಥವಾ ಅದಕ್ಕೂ ಹೆಚ್ಚು ಹೋದಂತೆ. ಡಿಮ್ಯಾಟ್ ತೆರೆಯುವಾಗ ‘ಬಿಎಸ್‌ಡಿಎ’ (ಸಣ್ಣ ಹೂಡಿಕೆದಾರರ ಡಿಮ್ಯಾಟ್ ಖಾತೆ) ಕೇಳಿ. ನಿಮ್ಮ ಹೆಸರಿನಲ್ಲಿ ಒಂದೇ ಡಿಮ್ಯಾಟ್ ಇದ್ದು ಷೇರುಗಳ ಮೌಲ್ಯ 4 ಲಕ್ಷ ದಾಟದಿದ್ದರೆ ಅದಕ್ಕೆ ವಾರ್ಷಿಕ ಶುಲ್ಕವಿಲ್ಲ. ರೆಫರಲ್ ಹಣದ ಆಸೆಗೆ ಮೂರು ಆ್ಯಪ್‌ಗಳಲ್ಲಿ ಖಾತೆ ತೆರೆದರೆ ಆ ವಿನಾಯಿತಿಯೂ ಹೋಗುತ್ತದೆ.

— ಉಪನ್ಯಾಸಕ, ತೀರ್ಥಹಳ್ಳಿ

•

ಮನೆಯಲ್ಲಿ ಹೇಳದೆ ಎಂತಕ್ಕೆ ಮಾರಾಯ್ತಿ? ಅಪ್ಪ ಬೈಯುತ್ತಾರೆ ಅಂತಲಾ? ಅಡಿಕೆ ಬೆಳೆಯುವವರಿಗೆ ರೇಟು ಏರುವುದು ಇಳಿಯುವುದು ಹೊಸತಲ್ಲ. 2014ರಲ್ಲಿ ಧಾರಣೆ ಏರಿದ್ದನ್ನು ನೋಡಿ ಗದ್ದೆಗೆಲ್ಲ ಅಡಿಕೆ ಸಸಿ ಇಟ್ಟವರು ನಮ್ಮ ಕಡೆ ಎಷ್ಟು ಜನ! ಸಸಿ ಫಸಲಿಗೆ ಬರುವ ಮೊದಲೇ ರೇಟು ಬಿದ್ದಿತ್ತು. ನಿಮ್ಮ ಅಪ್ಪನೂ ಅದನ್ನೆಲ್ಲ ನೋಡಿದವರೇ. ಷೇರು ಅಂದರೆ ಗೊತ್ತಿಲ್ಲದಿರಬಹುದು, ರೇಟಿನ ಬೆನ್ನು ಹತ್ತಿ ಹೋದರೆ ಏನಾಗುತ್ತದೆ ಅಂತ ನಿನಗಿಂತ ಚೆನ್ನಾಗಿ ಗೊತ್ತು.

ಕೊಳೆರೋಗ, ಎಲೆಚುಕ್ಕಿ ಅಂತ ತೋಟದ ಗತಿ ಹೀಗಿರುವಾಗ ಮನೆಯ ಆದಾಯ ಒಂದೇ ಬೆಳೆಯ ಮೇಲೆ ನಿಂತಿರುವುದೂ ಸರಿಯಲ್ಲ. ಹಾಗಾಗಿ ನೀನು ಬೇರೆ ಕಡೆ ಸ್ವಲ್ಪ ಇಡುವುದು ಒಳ್ಳೆಯದೇ. ಆದರೆ ನಾಮಿನಿ ಅಂತ ಒಂದು ಜಾಗ ಇರುತ್ತದೆ, ಅಲ್ಲಿ ಅಮ್ಮನ ಹೆಸರು ಬರೆಯುತ್ತೀಯಲ್ಲ? ಹೆಸರು ಬರೆಸಿಕೊಂಡವಳಿಗೇ ಗೊತ್ತಿಲ್ಲದಿದ್ದರೆ ಹೇಗೆ? ದೀಪಾವಳಿಗೆ ಊರಿಗೆ ಹೋದಾಗ ಮೊಬೈಲ್ ತೋರಿಸಿಯೇ ಹೇಳು.

— ಗೃಹಿಣಿ, ಕೊಪ್ಪ

•

ಅಕ್ಕಾ, ನಾನೂ ಹಾಸ್ಟೆಲ್ ಹುಡುಗನೇ. ಟೆಲಿಗ್ರಾಮ್ ಗ್ರೂಪಿಗೆ ಸೇರಿಸಿ ‘ಟಿಪ್ಸ್’ ಕೊಡುವವರು, ಪ್ಲೇಸ್ಟೋರ್ ಬಿಟ್ಟು ಲಿಂಕ್ ಕಳಿಸಿ ಆ್ಯಪ್ ಹಾಕಿಸುವವರು ಇದ್ದಾರಲ್ಲ, ಅವರ ಆ್ಯಪ್‌ನಲ್ಲಿ ಲಾಭ ಬರೀ ಪರದೆ ಮೇಲೆ. ದುಡ್ಡು ವಾಪಸ್ ಕೇಳಿದಾಗ ‘ಮೊದಲು ಟ್ಯಾಕ್ಸ್ ಕಟ್ಟಿ’ ಅಂತಾರೆ. ಬ್ರೋಕರ್ ಆಗಲಿ ಸಲಹೆಗಾರ ಆಗಲಿ, ಸೆಬಿ ವೆಬ್‌ಸೈಟಿನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿ, ಸಿಗದಿದ್ದರೆ ಬ್ಲಾಕ್ ಮಾಡಿ. ಅಕಸ್ಮಾತ್ ಹಣ ಹೋಗಿಯೇ ಬಿಟ್ಟರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್. ಬೆಳಗಾಗಲಿ ಅಂತ ಕಾಯಬೇಡಿ.

— ವಿದ್ಯಾರ್ಥಿ, ಶಂಕರಘಟ್ಟ