ಅಲ್ಸಾಸ್ ವೈನ್ ಬಗ್ಗೆ ಗೊತ್ತಿರೋರು ಇದ್ದೀರಾ? ಏಳು ದ್ರಾಕ್ಷಿಯಲ್ಲಿ ಯಾವುದರಿಂದ ಶುರು ಮಾಡ್ಲಿ?

ಸೋಮವಾರಪೇಟೆ_ತೋಟದಮನೆ:

ಎಲ್ರಿಗೂ ನಮಸ್ಕಾರ. ಮಗಳು ಸ್ಟ್ರಾಸ್‌ಬರ್ಗ್‌ನಲ್ಲಿ ಓದ್ತಿದ್ದಾಳೆ, ಫ್ರಾನ್ಸ್‌ನ ಪೂರ್ವದ ಅಂಚು, ರೈನ್ ನದಿ ದಾಟಿದ್ರೆ ಜರ್ಮನಿ, ಆ ಸೀಮೆಗೆ ಅಲ್ಸಾಸ್ ಅಂತಾರೆ. ಈ ಸಲ ಸೆಪ್ಟೆಂಬರ್‌ನಲ್ಲಿ ನಮ್ಮ ಕೊಡಗಿನ ಕೈಲ್‌ಪೊಳ್ದ್ ಹಬ್ಬ ಮುಗಿಸ್ಕೊಂಡು ನಾನು ಯಜಮಾನ್ರು ಇಬ್ರೂ ಹೋಗಿ ಮೂರು ವಾರ ಇದ್ದು, ತೋಟದಲ್ಲಿ ಅರೇಬಿಕಾ ಕಾಫಿ ಕೊಯ್ಲು ಶುರುವಾಗೋದ್ರೊಳಗೆ ವಾಪಸ್ ಬರೋದು ಅಂತ ಮಾತಾಗಿದೆ.

ಮನೇಲಿ ವೈನ್ ಮಾಡೋದು ನಾನು ಅತ್ತೆ ಹತ್ರ ಕಲ್ತಿದ್ದು. ಬೆಂಗಳೂರು ಬ್ಲೂ ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಸ್ವಲ್ಪ ಈಸ್ಟ್, ಭರಣಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ 21 ದಿನ ದಿನಾ ಮರದ ಸೌಟಲ್ಲಿ ತಿರುಗಿಸೋದು. ನನಗೆ ವೈನ್ ಅಂದ್ರೆ ಅದೇ, ಕಡು ಬಣ್ಣ, ಒಳ್ಳೆ ಸಿಹಿ. ಹೋದ ರಜೆಯಲ್ಲಿ ಮಗಳು ರೀಸ್ಲಿಂಗ್ ಅಂತ ಒಂದು ಬಾಟಲ್ ತಂದ್ಲು, ಉದ್ದಕ್ಕೆ ಸಪೂರ ಬಾಟಲ್, ಏಳೆಂಟು ವರ್ಷ ಹಳೇದು. ಯಜಮಾನ್ರು ಮೂಸಿ ನೋಡಿ ಇದ್ರಲ್ಲಿ ಸೀಮೆಎಣ್ಣೆ ವಾಸನೆ ಬರ್ತಿದೆ, ಕೆಟ್ಟೋಗಿದೆ ಅಂತ ಗ್ಲಾಸ್ ಕೆಳಗಿಟ್ರು. ವಾಸನೆ ನನಗೂ ಬಂತು, ಆದ್ರೆ ಒಂದು ಗುಟುಕು ಕುಡಿದ ಮೇಲೆ ನಿಂಬೆ ಸಿಪ್ಪೆ ಹಿಂಡಿದ ಹಾಗೆ ಏನೋ ನಾಲಿಗೆ ಮೇಲೆ ತುಂಬಾ ಹೊತ್ತು ನಿಂತಿತ್ತು. ಅದು ಇವತ್ತಿಗೂ ಮರ್ತಿಲ್ಲ.

ಅಲ್ಲಿ ಮುಖ್ಯವಾಗಿ ಏಳು ಥರ ದ್ರಾಕ್ಷಿ ಇದೆ ಅಂತ ಮಗಳು ಹೇಳ್ತಾಳೆ. ಸುಮ್ನೆ ಟೂರಿಸ್ಟ್ ಥರ ಕುಡಿದು ಬರೋದು ಬೇಡ, ಒಂದೊಂದೂ ಯಾಕೆ ಹಾಗಿದೆ ಅಂತ ತಿಳ್ಕೊಂಡು ಬರ್ಬೇಕು ಅಂತ ಆಸೆ. ಯಾವುದರಿಂದ ಶುರು ಮಾಡ್ಲಿ, ಯಾವ ಊರಿಗೆ ಹೋಗ್ಲಿ? ಮತ್ತೆ ಆ ಬಾಟಲ್ ನಿಜವಾಗ್ಲೂ ಕೆಟ್ಟಿತ್ತಾ?

ವಿರಾಜಪೇಟೆ_ಕೊಲ್ಮಾರ್:

ಅಕ್ಕಾ, ಮೊದಲು ಆ ಬಾಟಲ್ ವಿಷಯ. ಕೆಟ್ಟಿರ್ಲಿಲ್ಲ! ರೀಸ್ಲಿಂಗ್ ಹಳೇದಾಗ್ತಾ ಬಂದ ಹಾಗೆ ಅದ್ರಲ್ಲಿ ಟಿಡಿಎನ್ ಅನ್ನೋ ಒಂದು ಅಂಶ ಜಾಸ್ತಿಯಾಗುತ್ತೆ, ಅದರ ವಾಸನೆ ಥೇಟ್ ಸೀಮೆಎಣ್ಣೆ, ಪೆಟ್ರೋಲ್ ಥರ. ಅದನ್ನೇ ಹುಡುಕ್ಕೊಂಡು ಕುಡಿಯೋರು ಇದ್ದಾರೆ. ಮಗಳು ಒಳ್ಳೆ ಬಾಟಲ್ಲೇ ತಂದಿದ್ಲು, ಯಜಮಾನ್ರಿಗೆ ಹೇಳಿ.

ನಾನು ಅಲ್ಸಾಸ್‌ನ ಕೊಲ್ಮಾರ್ ಊರಲ್ಲಿ ನಾಲ್ಕು ವರ್ಷ ಕೆಲ್ಸದ ಮೇಲೆ ಇದ್ದೆ. ಆ ಜಾಗನ ನಮ್ಮೋರಿಗೆ ಅರ್ಥ ಮಾಡಿಸೋದು ಸುಲಭ. ಪಶ್ಚಿಮಕ್ಕೆ ವೋಜ್ ಬೆಟ್ಟದ ಸಾಲು, ಮಳೆ ಮೋಡ ಎಲ್ಲ ಆ ಕಡೆನೇ ಸುರಿದು ಖಾಲಿಯಾಗುತ್ತೆ, ಪೂರ್ವದ ಇಳಿಜಾರಲ್ಲಿ ದ್ರಾಕ್ಷಿ. ಭಾಗಮಂಡಲಕ್ಕೂ ಕುಶಾಲನಗರಕ್ಕೂ ಇರೋ ವ್ಯತ್ಯಾಸ ನೆನೆಸ್ಕೊಳ್ಳಿ, ಅದೇ ಲೆಕ್ಕ. ಕೊಲ್ಮಾರ್‌ನಲ್ಲಿ ವರ್ಷಕ್ಕೆ 24 ಇಂಚು ಹತ್ರ ಮಳೆ, ಫ್ರಾನ್ಸ್‌ನಲ್ಲೇ ತುಂಬಾ ಕಮ್ಮಿ ಮಳೆ ಬೀಳೋ ಊರುಗಳಲ್ಲಿ ಒಂದು, ಭಾಗಮಂಡಲದಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತೆ. ಹಾಗಾಗಿ ಅಷ್ಟು ಉತ್ತರದಲ್ಲಿದ್ರೂ ಹಣ್ಣು ಬಿಸಿಲಲ್ಲಿ ನಿಧಾನಕ್ಕೆ ಚೆನ್ನಾಗಿ ಮಾಗುತ್ತೆ, ರಾತ್ರಿ ತಂಪಿರೋದ್ರಿಂದ ಹುಳಿನೂ ಉಳ್ಕೊಳ್ಳುತ್ತೆ. ನೀವು ಕುಡಿದ ಆ ನಿಂಬೆ ಸಿಪ್ಪೆ ಅಲ್ಲಿಂದ ಬಂದಿದ್ದು.

ಇನ್ನೊಂದು ಅನುಕೂಲ ಏನಂದ್ರೆ ಫ್ರಾನ್ಸ್‌ನ ಬೇರೆ ವೈನ್ ಸೀಮೆಗಳಾದ ಬೋರ್ಡೋ, ಬರ್ಗಂಡಿ ಬಾಟಲ್ ಮೇಲೆ ಊರಿನ ಹೆಸ್ರೋ ತೋಟದ ಹೆಸ್ರೋ ಇರುತ್ತೆ, ಒಳಗಡೆ ಯಾವ ದ್ರಾಕ್ಷಿ ಅಂತ ನಾವೇ ತಿಳ್ಕೊಂಡಿರ್ಬೇಕು, ಅಲ್ಸಾಸ್‌ನಲ್ಲಿ ಹೆಚ್ಚಾಗಿ ದ್ರಾಕ್ಷಿ ಹೆಸರನ್ನೇ ಬರೀತಾರೆ. ಸಿಲ್ವಾನೆರ್, ಪಿನೋ ಬ್ಲಾಂ, ರೀಸ್ಲಿಂಗ್, ಮಸ್ಕಟ್, ಪಿನೋ ಗ್ರಿ, ಗೆವುರ್ಜ್‌ಟ್ರಾಮಿನೆರ್, ಮತ್ತೆ ಕೆಂಪು ವೈನ್‌ಗೆ ಪಿನೋ ನ್ವಾರ್. ನಾನು ಹೇಳಿದ ಈ ಆರ್ಡರ್‌ನಲ್ಲೇ ಬಿಳೀದೆಲ್ಲ ರುಚಿ ನೋಡಿ, ಹಗುರದಿಂದ ಗಟ್ಟಿಗೆ ಹೋಗುತ್ತೆ. ಗೆವುರ್ಜ್‌ಟ್ರಾಮಿನೆರ್ ಮೊದಲೇ ಕುಡಿದ್ರೆ ಆಮೇಲೆ ಸಿಲ್ವಾನೆರ್ ನೀರು ಅನ್ಸುತ್ತೆ, ಅದ್ರದ್ದು ತಪ್ಪಲ್ಲ. ಗೆವುರ್ಜ್ ಅಂದ್ರೆ ಜರ್ಮನ್‌ನಲ್ಲಿ ಮಸಾಲೆ, ಗುಲಾಬಿ, ಲಿಚಿ, ಶುಂಠಿ ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತೆ, ಸಿಪ್ಪೆ ನಸುಗೆಂಪು ಇದ್ರೂ ವೈನ್ ಮಾತ್ರ ಬಿಳಿ. ಮಸ್ಕಟ್ ಅಲ್ಲಿ ಸಾಮಾನ್ಯವಾಗಿ ಸಿಹಿ ಇಲ್ದೇ ಮಾಡ್ತಾರೆ, ತಾಜಾ ದ್ರಾಕ್ಷಿ ಬಾಯಿಗೆ ಹಾಕ್ಕೊಂಡ ಹಾಗೇ ಇರುತ್ತೆ. ಎಡೆಲ್‌ಝ್ವಿಕರ್ ಅಂತ ಕಂಡ್ರೆ ಅದು ಹಲವು ದ್ರಾಕ್ಷಿ ಸೇರ್ಸಿದ್ದು, ದಿನನಿತ್ಯ ಊಟಕ್ಕೆ.

ಪೊನ್ನಂಪೇಟೆ_ಅಡುಗೆ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದ್ರೆ ಏಳನ್ನೂ ಒಂದೇ ದಿನ ಸಾಲಾಗಿ ಕುಡಿಯೋದಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಹೋಟೆಲ್ ಕಿಚನ್‌ನಲ್ಲಿ ಬಹಳ ವರ್ಷ ಇದ್ದೀನಿ, ವೈನ್ ಊಟದ ಜೊತೆಗೇ ಅರ್ಥ ಆಗೋದು. ಅಲ್ಲಿಯ ಮನೆ ಊಟ ಶೂಕ್ರೂತ್, ಅಂದ್ರೆ ಉಪ್ಪಲ್ಲಿ ಹುಳಿ ಬರ್ಸಿದ ಎಲೆಕೋಸು, ಅದ್ರ ಮೇಲೆ ಹಂದಿ ಮಾಂಸ, ಸಾಸೇಜ್. ಅದ್ರ ಜೊತೆ ರೀಸ್ಲಿಂಗ್. ಹುಳಿ ಮತ್ತೆ ಹಂದಿ! ನಮಗೆ ಇದನ್ನ ಯಾರಾದ್ರೂ ಹೇಳ್ಕೊಡ್ಬೇಕಾ?

ನಮ್ಮ ಕೊಡಗಿನ ಹಂದಿ ಸಾರು ಪಂದಿ ಕರಿಗೆ ಗೆವುರ್ಜ್‌ಟ್ರಾಮಿನೆರ್ ಅಂತ ತುಂಬಾ ಜನ ಹೇಳ್ತಾರೆ, ಕಾಳುಮೆಣಸಿನ ಘಮ ಇದೆ, ಮಸಾಲೆ ವೈನ್ ಹೊಂದುತ್ತೆ ಅಂತ. ನಾನು ಎರಡು ಸಲ ಇಟ್ಟು ನೋಡಿದ್ದೀನಿ, ಹೊಂದಲ್ಲ. ಆ ದ್ರಾಕ್ಷಿಯಲ್ಲಿ ಹುಳಿ ಕಮ್ಮಿ, ಪಂದಿ ಕರಿಗೆ ಹಾಕೋ ಕಪ್ಪು ಹುಳಿ ರಸ ಕಾಚಂಪುಳಿ ಎದುರು ವೈನ್ ಸಪ್ಪೆಯಾಗಿ ಬಿದ್ದೋಗುತ್ತೆ, ಮೇಲಿಂದ ಆಲ್ಕೋಹಾಲ್ ಜಾಸ್ತಿ ಇರೋದ್ರಿಂದ ಮೆಣಸಿನ ಖಾರ ಇನ್ನೂ ಉರಿಯುತ್ತೆ. ಕಾಚಂಪುಳಿಗೆ ಸಮನಾಗಿ ನಿಲ್ಲೋದು ರೀಸ್ಲಿಂಗ್ ಒಂದೇ. ಖಾರ ಜೋರಾಗಿದ್ರೆ ಸ್ವಲ್ಪ ಸಿಹಿ ಇರೋ ಪಿನೋ ಗ್ರಿ ನಡೆಯುತ್ತೆ. ಗೆವುರ್ಜ್‌ಟ್ರಾಮಿನೆರ್‌ನ ಅಲ್ಲಿಯ ಮುನ್ಸ್ಟೆರ್ ಚೀಸ್ ಜೊತೆ ತಿನ್ನಿ, ತುಂಬಾ ವಾಸನೆ ಇರೋ ಚೀಸ್ ಅದು, ಜೊತೆ ಮಾತ್ರ ಅದ್ಭುತ.

ಅಕ್ಕಾ, ಸಿಹಿ ಎಷ್ಟಿದೆ ಅಂತ ಲೇಬಲ್‌ನಲ್ಲಿ ನೋಡಿ ತಗೊಳ್ಳಿ. 2021ರ ಬೆಳೆಯಿಂದ ಅದನ್ನ ಬರೀಲೇಬೇಕು ಅಂತ ರೂಲ್ ಆಗಿದೆ. ಸೆಕ್ ಅಂದ್ರೆ ಸಿಹಿ ಇಲ್ಲ, ದೆಮಿ ಸೆಕ್ ಸ್ವಲ್ಪ, ಮೋಲ್ಯೂ ಜಾಸ್ತಿ, ದೂ ಪೂರ್ತಿ ಸಿಹಿ.

ಕುಶಾಲನಗರ_ಕಪ್ಪಿಂಗ್:

ನಾನು ಕಾಫಿ ಕಪ್ಪಿಂಗ್ ಮಾಡೋನು, ಅಂದ್ರೆ ಕಾಫಿ ರುಚಿ ನೋಡಿ ಗುಣ ಅಳೆಯೋನು, ಒಂದೇ ಒಂದು ಮಾತು. ಎಸ್ 795 ಒಂದೇ ಕಾಫಿ ತಳಿ, ಆದ್ರೆ ಬೇರೆ ಎತ್ತರ, ಬೇರೆ ಮಣ್ಣು, ಬೇರೆ ನೆರಳಲ್ಲಿ ಬೆಳೆದ್ರೆ ಕಪ್‌ನಲ್ಲಿ ಬೇರೆಯಾಗೇ ಬರುತ್ತೆ, ಇದು ಅಕ್ಕನಿಗೆ ಹೇಳೋದೇ ಬೇಡ. ಅಲ್ಸಾಸ್ ಮಜಾ ಇರೋದು ಅಲ್ಲೇ. ಆ ಸಣ್ಣ ಪಟ್ಟಿಯಲ್ಲಿ ಗ್ರಾನೈಟ್, ಸುಣ್ಣಕಲ್ಲು, ಮರಳುಗಲ್ಲು, ಪದರ ಪದರದ ಶಿಸ್ಟ್ ಕಲ್ಲು, ಜೇಡಿ, ಜ್ವಾಲಾಮುಖಿ ಕಲ್ಲು ಎಲ್ಲಾ ಇದೆ. ಹಾಗಾಗಿ ಏಳು ದ್ರಾಕ್ಷಿ ಹಿಂದೆ ಓಡೋ ಬದಲು ರೀಸ್ಲಿಂಗ್ ಒಂದನ್ನೇ ಹಿಡ್ಕೊಂಡು ಮೂರು ಮಣ್ಣು ನೋಡಿ. ಕೈಸರ್ಸ್‌ಬರ್ಗ್ ಪಕ್ಕ ಶ್ಲೋಸ್‌ಬರ್ಗ್ ಗ್ರಾನೈಟ್, ಆಂದ್ಲೋ ಊರಿನ ಕಾಸ್ಟೆಲ್‌ಬರ್ಗ್ ಶಿಸ್ಟ್, ದಕ್ಷಿಣದ ತುದಿಯಲ್ಲಿ ತಾನ್ ಊರಿನ ರಾಂಗೆನ್ ಜ್ವಾಲಾಮುಖಿ ಕಲ್ಲು, ಅದು ನಿಲ್ಲೋಕೂ ಕಷ್ಟ ಅನ್ನೋಷ್ಟು ಕಡಿದಾದ ಇಳಿಜಾರು. ಇಂಥ ಹೆಸರು ಮಾಡಿದ ಗುಡ್ಡಗಳಿಗೆ ಗ್ರಾಂ ಕ್ರೂ ಅಂತಾರೆ, ಒಟ್ಟು 51 ಇವೆ. ಹೆಚ್ಚಿನ ಕಡೆ ರೀಸ್ಲಿಂಗ್, ಗೆವುರ್ಜ್‌ಟ್ರಾಮಿನೆರ್, ಪಿನೋ ಗ್ರಿ, ಮಸ್ಕಟ್ ಈ ನಾಲ್ಕಕ್ಕೇ ಆ ಹೆಸರು ಹಾಕೋ ಹಕ್ಕು. ಸಿಲ್ವಾನೆರ್‌ಗೆ ಝೋಟ್ಸೆನ್‌ಬರ್ಗ್‌ನಲ್ಲಿ ಮಾತ್ರ ಆ ಮರ್ಯಾದೆ ಸಿಕ್ಕಿದೆ.

ರುಚಿ ನೋಡಿದ್ದನ್ನ ಉಗುಳೋಕೆ ಪಾತ್ರೆ ಇಟ್ಟಿರ್ತಾರೆ, ಸಂಕೋಚ ಬೇಡ, ಕಪ್ಪಿಂಗ್‌ನಲ್ಲೂ ನಾವು ಹಾಗೇ ಮಾಡೋದು.

ಸೋಮವಾರಪೇಟೆ_ತೋಟದಮನೆ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಯಜಮಾನ್ರಿಗೆ ಪೂರ್ತಿ ಓದಿ ಹೇಳ್ದೆ, ಸೀಮೆಎಣ್ಣೆ ವಿಷಯ ಕೇಳಿ ಅವ್ರು ಖಾಲಿ ಬಾಟಲ್ ಹುಡುಕಿ ತಂದು ಲೇಬಲ್ ನೋಡ್ತಾ ಕೂತಿದ್ದಾರೆ. ಒಂದು ಡೌಟ್. ನನ್ನ ಭರಣಿ ವೈನ್‌ಗೆ ಸಿಹಿ ಬರೋದು ನಾನು ಹಾಕೋ ಸಕ್ಕರೆಯಿಂದ. ಅಲ್ಲಿ ಸಿಹಿ ವೈನ್‌ಗೂ ಸಕ್ಕರೆ ಹಾಕ್ತಾರಾ?

ವಿರಾಜಪೇಟೆ_ಕೊಲ್ಮಾರ್:

ಒಳ್ಳೆ ಸಿಹಿ ವೈನ್‌ಗೆ ಹಾಕೋ ಹಾಗೇ ಇಲ್ಲ ಅಕ್ಕ. ವಾಂದಾಂಜ್ ತಾರ್ದಿವ್ ಅಂತ ಇದೆ, ಅಂದ್ರೆ ತಡವಾಗಿ ಕೊಯ್ದಿದ್ದು, ಹಣ್ಣನ್ನ ಬಳ್ಳಿಯಲ್ಲೇ ಬಿಟ್ಟು ಪೂರ್ತಿ ಮಾಗಿಸಿ ತೆಗೀತಾರೆ. ಅದ್ರ ಮೇಲಿನ ದರ್ಜೆ ಸೆಲೆಕ್ಸಿಯೋಂ ದ ಗ್ರೇಂ ನೋಬ್ಲ್, ಬೊಟ್ರಿಟಿಸ್ ಅನ್ನೋ ಬೂಸ್ಟು ಹಿಡಿದ ಕಾಳುಗಳನ್ನೇ ಆರಿಸಿ ಮಾಡೋದು. ಕೊಳೆರೋಗ ಅಂದ್ರೆ ನಮಗೆ ಎದೆ ಝಲ್ ಅನ್ನುತ್ತೆ, ಅಲ್ಲಿ ಬೆಳಗ್ಗೆ ಮಂಜು ಮಧ್ಯಾಹ್ನ ಬಿಸಿಲು ಸರಿಯಾಗಿ ಬಂದ್ರೆ ಈ ಬೂಸ್ಟು ಸಿಪ್ಪೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ ನೀರು ಆರಿಸ್ಬಿಡುತ್ತೆ, ಸಿಹಿ ಹುಳಿ ಎರಡೂ ಒಳಗೇ ಗಟ್ಟಿಯಾಗುತ್ತೆ. ಎರಡಕ್ಕೂ 1984ರಲ್ಲಿ ಕಾನೂನು ಆಗಿದೆ. ನಿಮ್ಮ ಭರಣಿ ವೈನ್ ಪ್ರೀತಿಸೋ ನಾಲಿಗೆಗೆ ಇದು ಖಂಡಿತ ಹಿಡಿಸುತ್ತೆ. ಬೆಂಗಳೂರು ಬ್ಲೂ ವಾಸನೆ ಮಾತ್ರ ಅಲ್ಲಿ ಸಿಗಲ್ಲ, ನಮ್ಮದು ಅಮೆರಿಕದ ಲಾಬ್ರುಸ್ಕಾ ರಕ್ತದ ದ್ರಾಕ್ಷಿ, ಅಲ್ಲಿಯದು ವಿನಿಫೆರಾ, ಜಾತಿನೇ ಬೇರೆ.

ಸೆಪ್ಟೆಂಬರ್ ಅಂದ್ರೆ ಕೊಯ್ಲಿನ ಟೈಮು, ಸಣ್ಣ ಮನೆತನದ ಸೆಲ್ಲಾರ್‌ಗಳಲ್ಲಿ ಎಲ್ರೂ ತೋಟದಲ್ಲಿರ್ತಾರೆ. ನಮ್ಮನೆಗೆ ಡಿಸೆಂಬರ್‌ನಲ್ಲಿ, ಕಾಫಿ ಕೊಯ್ಲಿನ ಮಧ್ಯೆ, ಯಾರಾದ್ರೂ ಹೇಳ್ದೇ ಬಂದ್ರೆ ಹೇಗಿರುತ್ತೆ, ಹಾಗೆ. ಮಗಳ ಕೈಲಿ ಮುಂಚೆನೇ ಫೋನ್ ಮಾಡಿಸಿ. 1953ರಲ್ಲಿ ಶುರುವಾದ ವೈನ್ ರೂಟ್ ಇದೆ, ಮಾರ್ಲೆನ್‌ಹೈಮ್‌ನಿಂದ ತಾನ್‌ವರೆಗೆ 170 ಕಿ.ಮೀ., ಪೂರ್ತಿ ಮಾಡೋಕೆ ಹೋಗ್ಬೇಡಿ. ಸ್ಟ್ರಾಸ್‌ಬರ್ಗ್‌ನಿಂದ ಕೊಲ್ಮಾರ್‌ಗೆ ರೈಲಲ್ಲಿ ಅರ್ಧ ಗಂಟೆ, ಅಲ್ಲೇ ಉಳ್ಕೊಂಡು ಎಗಿಸ್‌ಹೈಮ್, ಕೈಸರ್ಸ್‌ಬರ್ಗ್, ರಿಬೋವಿಲ್ಲೆ ನೋಡಿ. ಕಾರ್ ಓಡ್ಸೋರು ಕುಡೀಬೇಡಿ.

ಪೊನ್ನಂಪೇಟೆ_ಅಡುಗೆ:

ವಾಪಸ್ ಬರುವಾಗ ಒಬ್ಬರಿಗೆ 2 ಲೀಟರ್ ಡ್ಯೂಟಿ ಇಲ್ದೇ ತರ್ಬಹುದು. ದೊಡ್ಡ ಬಾಟಲ್ 750 ಮಿಲಿ, ಎರಡು ಇಟ್ರೆ ಒಂದೂವರೆ ಲೀಟರ್, ಜೊತೆಗೆ 375 ಮಿಲಿಯ ಸಣ್ಣ ಬಾಟಲ್ ಒಂದು ಹಿಡಿಯುತ್ತೆ. ಸಿಹಿ ವೈನ್ ಅರ್ಧ ಬಾಟಲ್‌ನಲ್ಲೂ ಸಿಗುತ್ತೆ, ಅದನ್ನೇ ತಗೊಳ್ಳಿ. ಇಬ್ರಿಗೆ ನಾಲ್ಕು ದೊಡ್ಡದು ಎರಡು ಚಿಕ್ಕದು. ರೀಸ್ಲಿಂಗ್‌ನಲ್ಲಿ ಒಂದನ್ನ ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಅಂತ ಎತ್ತಿಡಿ, ಅವತ್ತು ಪಂದಿ ಕರಿ, ಅಕ್ಕಿ ಉಂಡೆ ಕಡಂಬುಟ್ಟು ಜೊತೆ ಕುಡಿದು ಹೇಗಿತ್ತು ಅಂತ ಇಲ್ಲೇ ಬರೀರಿ, ನಾನು ಕಾಯ್ತಿರ್ತೀನಿ.