ಜತೆಗಾತಿಗೆ ಕಾಳು ಹಾಕೋ ಆಯ್ಕೆ: ಹೃದಯದ ಗುರುತು ಬೇಕಾ, ಬೇಡ್ವಾ?

ತಟ್ಟೆಇಡ್ಲಿ_ತುಮಕೂರು
ರೆನ್‌ಪೈನಲ್ಲಿ (ಕಥೆ ಆಟ ಮಾಡೋ ತಂತ್ರಾಂಶ) ಪುಟ್ಟ ಆರ್‌ಪಿಜಿ, ಅಂದ್ರೆ ಪಾತ್ರ ವಹಿಸಿ ಆಡೋ ಆಟ, ಮಾಡ್ತಿದೀನಿ. ಕಥೆ ನಡೆಯೋದು ಮಧುಗಿರಿ ಕೋಟೆಯಲ್ಲಿ, ಜತೆಗಾತಿ ಅಲ್ಲಿನ ಕಾವಲಿನವಳು. ಅವಳು ಗಾಯ ಆಗಿ ಕೂತಾಗ ಮೂರು ಆಯ್ಕೆ: "ತುಂಬಾ ನೋವಿದೆಯಾ?", "ನೀನಿಲ್ದೆ ನಾನು ಮುಂದಕ್ಕೆ ಹೋಗಲ್ಲ", "ಬೇಗ ಎದ್ದೇಳು". ಎರಡನೇದು ಒತ್ತಿದರೆ ಪ್ರೇಮದ ದಾರಿ ತೆರೆಯುತ್ತೆ. ಆಡಿ ನೋಡಿದ ಐವರಲ್ಲಿ ನಾಲ್ವರು ಸ್ನೇಹದ ಮಾತು ಅಂತಲೇ ಒತ್ತಿದ್ರು. ಮುಂದಿನ ದೃಶ್ಯದಲ್ಲಿ ಅವಳು ನಾಚ್ಕೊಂಡ್ರೆ ಇವರು ತಬ್ಬಿಬ್ಬು. ಆ ಆಯ್ಕೆ ಪಕ್ಕ ಹೃದಯದ ಗುರುತು ಹಾಕ್ಲಾ, ಸಾಲೇ ಬದಲಾಯಿಸ್ಲಾ?

ಚಿನ್ನದಗಣಿ_ಕೋಲಾರ
ಮೊದಲು ಗೊಂದಲ ಯಾವ ಜಾತಿದು ಅಂತ ನೋಡಿ. ನಾಯಕನಿಗೆ ದನಿ ಇರೋ ಆಟಗಳಲ್ಲಿ ಪರದೆ ಮೇಲೆ ಕಾಣೋದು ಮಾತಿನ ಸಾರಾಂಶ ಅಷ್ಟೇ. 2007ರ ಮಾಸ್ ಎಫೆಕ್ಟ್‌ನಲ್ಲಿ ಮಾತು ಆರಿಸೋ ಚಕ್ರದ ಮೇಲೆ ಎರಡು ಮೂರು ಪದ, ಬಾಯಿಂದ ಬರೋದು ಬೇರೆಯೇ ವಾಕ್ಯ. ಅದರ ಮುಖ್ಯ ಪಾತ್ರ ಶೆಪರ್ಡ್‌ನ ಹೆಣ್ಣಾಗಿ ಆಡಿ ಎಲ್ಲರಿಗೂ ಒಳ್ಳೆ ಮಾತೇ ಆಡ್ತಾ ಹೋದ್ರೆ ಜತೆಗಾರರಾದ ಕೈಡನ್, ಲಿಯಾರಾ ಇಬ್ರೂ ಆಸೆ ಇಟ್ಕೊಂಡು, ಕೊನೆಗೆ "ಯಾರು ಬೇಕು ಹೇಳು" ಅಂತ ಪಂಚಾಯ್ತಿ ಕೂಡ್ತಾರೆ. 2015ರ ಫಾಲ್‌ಔಟ್ 4ಕ್ಕೂ ಇದೇ ರೋಗ, ಪೂರ್ತಿ ವಾಕ್ಯ ತೋರಿಸೋ ಮಾಡ್ (ಆಟಗಾರರೇ ಮಾಡಿದ ಮಾರ್ಪಾಡು) ಬಂದಿದ್ದೇ ಅದಕ್ಕೆ. 2011ರ ಡ್ರ್ಯಾಗನ್ ಏಜ್ 2ರಲ್ಲಿ ಮಾಸ್ ಎಫೆಕ್ಟ್ ಮಾಡಿದ ಬಯೋವೇರ್‌ನವರೇ ಚಕ್ರದ ನಡುವೆ ಹೃದಯ ಇಟ್ರು, ಸಂಬಂಧ ಮುರಿಯೋಕೆ ಒಡೆದ ಹೃದಯ.

ನಿಮ್ಮದು ಆ ಜಾತಿ ಅಲ್ಲ. ವಾಕ್ಯ ಪೂರ್ತಿ ಕಾಣುತ್ತೆ, ಧಾಟಿ ಕಾಣಲ್ಲ. 2009ರ ಡ್ರ್ಯಾಗನ್ ಏಜ್: ಆರಿಜಿನ್ಸ್‌ನಲ್ಲಿ ಜತೆಗಾತಿ ಲೆಲಿಯಾನಾ ಹತ್ರ ಜನ ಸಿಕ್ಕಿಬೀಳೋದು ಹಿಂಗೇ. ಹೃದಯ ಹಾಕಿದ್ರೆ ಗೊಂದಲ ಹೋಗುತ್ತೆ, ಆದರೆ ಆಟಗಾರ ಸಾಲು ಓದೋದು ಬಿಟ್ಟು ಹೃದಯ ಎಲ್ಲಿದೆ ಅಂತ ಹುಡುಕ್ತಾನೆ.

ಚಿಂತಾಮಣಿ_ಕಡ್ಲೆಕಾಯಿ
ಹೃದಯ ಬೇಡವೇ ಬೇಡ. ಇಂಗ್ಲಿಷ್‌ನವರಿಗೆ ಇಲ್ಲದ ಅನುಕೂಲ ನಮಗಿದೆ, ನೀವು–ನೀನು. ಕಥೆ ಪೂರ್ತಿ "ಬನ್ನಿ, ಹೋಗಿ" ಅಂತ ನಡೆಸಿ. ಆ ಒಂದು ಆಯ್ಕೆಯಲ್ಲಿ ಮಾತ್ರ "ನೀನು" ಬರಲಿ. ಹೃದಯಕ್ಕಿಂತ ಚೆನ್ನಾಗಿ ಗೊತ್ತಾಗುತ್ತೆ.

ರಾಗಿಮುದ್ದೆ404
@ಚಿಂತಾಮಣಿ ಉಪಾಯ ಚೆನ್ನಾಗಿದೆ, ಅರ್ಧ ಮಾತ್ರ ನಂಬಿ. ನಮ್ಮ ಕಡೆ ಸಲುಗೆ ಬೆಳೆದ ಗೆಳೆಯರೂ ಏಕವಚನಕ್ಕೇ ಇಳೀತಾರೆ. ಅದರ ಜತೆ ಕಾರಣವನ್ನೂ ಬೇರೆ ಮಾಡಿ. "ನಿಮ್ಮನ್ನ ಬಿಟ್ಟು ಹೋಗಲ್ಲ, ಕೋಟೆ ದಾರಿ ನಂಗೊತ್ತಿಲ್ಲ" ಅಂದ್ರೆ ಕೆಲಸದ ಮಾತು. "ನಿನ್ನ ಬಿಟ್ಟು ಹೋಗೋಕೆ ಕಾಲೇ ಏಳ್ತಿಲ್ಲ" ಅಂದ್ರೆ ಇನ್ನೇನೂ ಉಳಿದಿಲ್ಲ. ಎರಡನ್ನೂ ಒಂದೇ ಮೆನುವಿನಲ್ಲಿ ಇಡಿ, ಪಕ್ಕಪಕ್ಕ ಇದ್ದಾಗಲೇ ವ್ಯತ್ಯಾಸ ಕಣ್ಣಿಗೆ ಬೀಳೋದು.

ಆದರೆ ನಿಜವಾದ ತಪ್ಪು ಸಾಲಿನದಲ್ಲ, ಲೆಕ್ಕದ್ದು. ಒಂದೇ ಕ್ಲಿಕ್ಕಿಗೆ ಯಾಕೆ ದಾರಿ ತೆರೀತೀರಿ? ಚರಾಂಶ (ಆಟ ನೆನಪಿಟ್ಟುಕೊಳ್ಳೋ ಬದಲಾಗೋ ಬೆಲೆ) ಎರಡು ಇಡಿ: ಸ್ನೇಹಕ್ಕೆ ಅಂಕ, ಪ್ರೇಮಕ್ಕೆ ಹೌದು/ಇಲ್ಲ. ಮೊದಲ ಸಲ ಒತ್ತಿದಾಗ ಬರೀ ಸುಳಿವು ದಾಖಲಾಗಲಿ. ಮುಂದಿನ ದೃಶ್ಯದಲ್ಲಿ ಅವಳೇ "ಅವತ್ತು ಅಂದಿದ್ದು ನಿಜಾನಾ?" ಅಂತ ಕೇಳಲಿ, ಹೌದು ಅಂದ್ಮೇಲೆ ಪ್ರೇಮ ಶುರು. ಎರಡನ್ನೂ ರೆನ್‌ಪೈನ ಡಿಫಾಲ್ಟ್ ಆದೇಶದಿಂದ ಘೋಷಿಸಿ. ಡಿಫೈನ್ ಆದೇಶ ಇರೋದು ಬದಲಾಗದ ಬೆಲೆಗಳಿಗೆ, ಅದರಲ್ಲಿ ಇಟ್ಟದ್ದು ಸರಿಯಾಗಿ ಸೇವ್ ಆಗದೇ ಹೋಗಬಹುದು.

ಮಿತಿ ಕಡಿಮೆ ಇಟ್ರೆ ಏನಾಗುತ್ತೆ ಅನ್ನೋಕೆ ಬಾಲ್ಡರ್ಸ್ ಗೇಟ್ 3 ನೋಡಿ. 2023ರ ಆಗಸ್ಟ್‌ನಲ್ಲಿ ಬಂದಾಗ ಜತೆಗಾರರ ಒಲವಿಗೆ ಬೇಕಾದ ಒಪ್ಪಿಗೆ ಅಂಕದ ಮಿತಿ ತೀರಾ ಕೆಳಗಿತ್ತು, ಜತೆಗಾರ ಗೇಲ್ ಸಿಕ್ಕಸಿಕ್ಕಾಗೆಲ್ಲ ಮೇಲೆ ಬೀಳ್ತಿದ್ದ. ಅದು ಬಗ್ ಅಂತ ಆಟ ಮಾಡಿದ ಲೇರಿಯನ್‌ನವರೇ ಒಪ್ಕೊಂಡು ತಿದ್ದಿದ್ರು.

ಬೇಡ ಅಂದವರಿಗೆ ಅಂಕ ಕಡಿಬೇಡಿ. ಡ್ರ್ಯಾಗನ್ ಏಜ್ 2ರಲ್ಲಿ ಜತೆಗಾರ ಆಂಡರ್ಸ್‌ನ ತಳ್ಳಿಹಾಕಿದ್ರೆ ಪೈಪೋಟಿ ಅಂಕ (ಸ್ನೇಹದ ಉಲ್ಟಾ) ಏರುತ್ತೆ, ಅದಕ್ಕೆ ಹೆದರಿ ಜನ ಇಷ್ಟ ಇಲ್ದಿದ್ರೂ ಹೂಂ ಅಂತಾರೆ.

ತಟ್ಟೆಇಡ್ಲಿ_ತುಮಕೂರು
ಕಾರಣದ ಸಾಲು ಸೇರಿಸ್ತೀನಿ, ಗುರು. ಸುಳಿವಿನ ಚರಾಂಶವೂ ಬರುತ್ತೆ. ರೋಲ್‌ಬ್ಯಾಕ್ ಮುಚ್ಚಿಬಿಡ್ಲಾ? ಹಿಂದಕ್ಕೆ ಹೋಗಿ ಬೇರೆ ಆಯ್ಕೆ ಒತ್ತಿದ್ರೆ ಮಾತಿಗೆ ಬೆಲೆ ಇರಲ್ಲ ಅನ್ಸುತ್ತೆ.

ರಾಗಿಮುದ್ದೆ404
ಮುಚ್ಚಬೇಡಿ. ತಪ್ಪಿ ಒತ್ತಿದವನು ಮೌಸ್ ಚಕ್ರ ತಿರುಗಿಸಿ ವಾಪಸ್ ಬರ್ತಾನೆ. ಮುಚ್ಚಿದ್ರೆ ಹಳೇ ಸೇವ್ ತೆಗೆದು ಅದನ್ನೇ ಮಾಡ್ತಾನೆ, ನಿಮ್ಮನ್ನ ಬೈಕೊಂಡು.