ಮುಧೋಳ ನಾಯಿ ಕೋಳಿ ಅಟ್ಟುವುದನ್ನು ಬಿಡಿಸುವುದು ಹೇಗೆ? ಸಹಾಯ ಬೇಕು

ಪಾಂಡವಪುರದ ಬಳಿಯ ನಮ್ಮ ತೋಟದ ಮನೆಯಲ್ಲಿ 14 ತಿಂಗಳ ಮುಧೋಳ ಗಂಡುನಾಯಿಯಿದೆ. ಮನೆಯವರೊಡನೆ ಬಹಳ ಮೆದು. ಅಪರಿಚಿತರು ಮುಟ್ಟಹೋದರೆ ಮೈ ಕುಗ್ಗಿಸಿ ಹಿಂದೆ ಸರಿಯುತ್ತದೆ, ಅದು ತಳಿಯ ಗುಣವೆಂದು ಬಲ್ಲೆ. ತೊಂದರೆ ಬೇರೆ. ಕಬ್ಬಿನ ಗದ್ದೆಯ ಬದುವಿನಲ್ಲಿ ಏನಾದರೂ ಅಲುಗಾಡಿದರೆ ಸಾಕು, ಎಷ್ಟು ಕರೆದರೂ ಕಿವಿಗೊಡದೆ ಓಡುತ್ತದೆ. ಕಳೆದ ವಾರ ಪಕ್ಕದವರ ಎರಡು ನಾಟಿಕೋಳಿಗಳನ್ನು ಕೊಂದದ್ದಕ್ಕೆ ದುಡ್ಡು ತೆತ್ತೆ. ಕಟ್ಟಿದರೆ ಊಟ ಬಿಡುತ್ತದೆ, ಕೊರಳಿಗಿಂತ ತಲೆ ಕಿರಿದಾದ್ದರಿಂದ ಪಟ್ಟಿಯೂ ಕಿವಿಯ ಮೇಲಿಂದ ಜಾರಿಬರುತ್ತದೆ. ದಿನವೂ ಮುಂಜಾನೆ ದೂರ ನಡೆಸಿದೆ, ಕೋಳಿಗೂಡಿನೆದುರು ಕೂರಿಸಿ ಮಾಂಸದ ತುಣುಕು ಕೊಟ್ಟು ಅಭ್ಯಾಸ ಮಾಡಿಸಿದೆ. ಹಗ್ಗವಿರುವವರೆಗೆ ಮಾತು ಕೇಳುವ ಪ್ರಾಣಿ ಬಿಚ್ಚಿದ ಕ್ಷಣ ಎಲ್ಲವನ್ನೂ ಮರೆಯುತ್ತದೆ. ಕಣ್ಣಿಗೆ ಕಂಡದ್ದನ್ನು ಅಟ್ಟುವ ಇಂಥ ಬೇಟೆನಾಯಿಗೆ ಕರೆದಾಗ ಮರಳುವುದನ್ನು ಈ ವಯಸ್ಸಿನಲ್ಲಿ ಕಲಿಸಬಹುದೇ, ಇಲ್ಲವೇ ಬೇಲಿಯೊಳಗಷ್ಟೇ ಓಡಲು ಬಿಡಬೇಕೇ? ಬೇಲಿಯಾದರೆ ಎಷ್ಟು ಅಡಿ ಎತ್ತರವಿರಬೇಕು? ಸಾಕಿ ಬಲ್ಲವರು ದಯವಿಟ್ಟು ತಿಳಿಸಿ.